‘ನನಗೆ ಯಾರೂ ಹೇಳಲೇ ಇಲ್ಲ’: ಜನಪ್ರತಿನಿಧಿಗೆ ಗೊತ್ತಾಗುವುದಕ್ಕೂ ನಮ್ಮ ಬದುಕಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರ ಕಡೆ. ಪೈಸಾರಿ (ಸರಕಾರಿ ಖಾಲಿ) ಜಾಗದಲ್ಲಿ ಕಟ್ಟಿಕೊಂಡ ಇಪ್ಪತ್ತೆರಡು ಮನೆಗಳಿವೆ. ಎಲ್ಲರೂ ತೋಟದ ಕೆಲಸಕ್ಕೆ ಹೋಗುವವರು. ಮನೆಗಳ ಹಿಂದೆ ಎತ್ತರದ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಇದೆ. ಎರಡು ಮಳೆಗಾಲದಿಂದ ಅದು ಸ್ವಲ್ಪ ಸ್ವಲ್ಪ ಜರಿಯುತ್ತಿದೆ. ಕಳೆದ ವರ್ಷ ಒಂದು ಮನೆಯ ಅಡುಗೆಕೋಣೆ ಹೋಯಿತು. ನೋಡಲು ಬಂದ ಜನಪ್ರತಿನಿಧಿ, ‘ಇಂಥ ಜಾಗ ಇದೆ ಅಂತ ನನಗೆ ಯಾರೂ ಹೇಳಲೇ ಇಲ್ಲ’ ಎಂದರು. ನಾವು ಅವರಿಗೇ ಓಟು ಹಾಕಿದ್ದೇವೆ. ಗೊತ್ತಿಲ್ಲ ಅನ್ನುವುದು ನಿಜ ಇರಬಹುದಾ? ಗೊತ್ತಾದರೆ ನಮಗೆ ಏನಾದರೂ ಒಳ್ಳೆಯದಾಗುತ್ತದಾ? (ಪದವಿ ಓದುತ್ತಿರುವ ಓದುಗರು)

ಉತ್ತರ: ಹೌದಮ್ಮ, ಅವರಿಗೆ ಗೊತ್ತಿರಲಿಲ್ಲ ಎಂಬುದು ನಿಜವೇ ಇರಬಹುದು. ಇದನ್ನು ಓದಿ ನಿಮಗೆ ಬೇಸರ ಆಗಬಹುದು. ಆದರೆ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುತ್ತಾ ಬಹಳ ವರ್ಷ ಕಳೆದವನು ನಾನು. ಅಧಿಕಾರದಲ್ಲಿ ಇರುವವರಿಗೆ ಎಷ್ಟು ವಿಷಯ ತಿಳಿದೇ ಇರುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಮನಸ್ಸಿಲ್ಲ ಅಂತ ನಾವು ಬೈಯುವ ಎಷ್ಟೋ ಕಡೆ, ಸುದ್ದಿ ಅಲ್ಲಿಯವರೆಗೆ ಹೋಗಿಯೇ ಇರುವುದಿಲ್ಲ.

ಶಾಸಕರ ಮನೆ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಏಳೂವರೆಗೇ ಜನ ಸೇರುತ್ತಾರೆ. ಒಬ್ಬರಿಗೆ ಮಗಳ ವರ್ಗಾವಣೆ ಆಗಬೇಕು. ಒಬ್ಬರ ಕೈಯಲ್ಲಿ ಆಸ್ಪತ್ರೆ ಬಿಲ್ಲು. ದೇವಸ್ಥಾನ ಸಮಿತಿಯವರು, ಬಿಲ್ ಪಾಸಾಗದ ಗುತ್ತಿಗೆದಾರರು, ಮದುವೆ ಕಾಗದ ಹಿಡಿದವರು. ಹತ್ತು ಗಂಟೆಗೆ ಕಾರು ಹೊರಡುತ್ತದೆ. ಆ ಎರಡೂವರೆ ಗಂಟೆಯಲ್ಲಿ ಕಿವಿಗೆ ಬಿದ್ದಿದ್ದೇ ಆ ದಿನದ ಕ್ಷೇತ್ರ. ಅಲ್ಲಿ ಇಲ್ಲದವರು ಯಾರು? ತೋಟದ ಕೆಲಸಕ್ಕೆ ಹೋದವರು. ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ದುಡ್ಡು ಬೇರೆ. ಹಾಗೆ ನಿಮ್ಮ ಬರೆಯ ಸುದ್ದಿ ಆ ಗೇಟಿನ ಒಳಗೆ ಹೋಗಲೇ ಇಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಡೇವಿಡ್ ಬ್ರೂಕ್‌ಮನ್ ಮತ್ತು ಕ್ರಿಸ್ಟೋಫರ್ ಸ್ಕಾವ್ರನ್ ಎಂಬ ಇಬ್ಬರು ಸಂಶೋಧಕರು 2012 ಮತ್ತು 2014ರಲ್ಲಿ ಸಾವಿರಾರು ರಾಜಕಾರಣಿಗಳನ್ನು ಕೇಳಿದರು: ಈ ವಿಷಯದಲ್ಲಿ ನಿಮ್ಮ ಕ್ಷೇತ್ರದ ಜನ ಏನು ಬಯಸುತ್ತಾರೆ? ಆಮೇಲೆ ಜನರ ನಿಜವಾದ ಅಭಿಪ್ರಾಯದ ಜೊತೆ ಹೋಲಿಸಿದರು. ಎರಡೂ ಪಕ್ಷದವರ ಅಂದಾಜು ತಪ್ಪಿತ್ತು, ಅದೂ ಒಂದೇ ಕಡೆಗೆ ವಾಲಿತ್ತು. ಜನ ಇರುವುದಕ್ಕಿಂತ ಜಾಸ್ತಿ ಸಂಪ್ರದಾಯವಾದಿಗಳು ಎಂದು ಇಬ್ಬರೂ ನಂಬಿದ್ದರು. ಅಂಥ ಅಭಿಪ್ರಾಯದವರೇ ಹೆಚ್ಚಾಗಿ ಪತ್ರ ಬರೆದು, ಫೋನ್ ಮಾಡಿ ಸಂಪರ್ಕಿಸುವುದು ಇದಕ್ಕೆ ಕಾರಣ ಇರಬಹುದು ಎಂದು ಅವರು ತೋರಿಸಿದರು. ಬಾಗಿಲಿಗೆ ಬಂದವರೇ ಊರು ಅಂತ ಆಗಿಬಿಡುತ್ತದೆ ನೋಡಿ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಇದೆ. ಅದು ನಮ್ಮ ಚರಿತ್ರೆಯಲ್ಲೇ ಇದೆ. 1950ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯ. 1952ರ ಚುನಾವಣೆಯ ನಂತರ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮಡಿಕೇರಿಯಲ್ಲೇ ವಿಧಾನಸಭೆ, ಅದರಲ್ಲಿ 24 ಸದಸ್ಯರು. ಆಗ ಜನಸಂಖ್ಯೆ ಸುಮಾರು 2.3 ಲಕ್ಷ. ಅಂದರೆ ಒಬ್ಬ ಶಾಸಕರಿಗೆ ಹತ್ತು ಸಾವಿರಕ್ಕೂ ಕಡಿಮೆ ಜನ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಜೊತೆ ಸೇರಿದೆವು. ಆಮೇಲೆ ಮೂರು ಕ್ಷೇತ್ರ ಇತ್ತು. 2008ರ ಚುನಾವಣೆಗೆ ಸೋಮವಾರಪೇಟೆ ಕ್ಷೇತ್ರವೂ ಹೋಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಒಬ್ಬರಿಗೆ ಎರಡೂಮುಕ್ಕಾಲು ಲಕ್ಷ ಜನ, ಜೊತೆಗೆ ಅರ್ಧ ಜಿಲ್ಲೆಯ ಗುಡ್ಡ, ಕಾಡು, ತೋಟ. 24 ಜನ ಇದ್ದಾಗ ಆದಿವಾಸಿ ಹಾಡಿಗಳ ಕಷ್ಟವೆಲ್ಲ ಸಭೆಗೆ ಬರುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಸುದ್ದಿ ನಡೆದು ಹೋಗಬೇಕಾದ ದಾರಿ ಎಷ್ಟು ಉದ್ದ ಆಯಿತು ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ಮಧ್ಯದಲ್ಲಿ ಒಂದು ಮೆಟ್ಟಿಲು ಇತ್ತು. ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರು. ನಿಮ್ಮ ಪಕ್ಕದ ಊರಿನವರೇ ಆಗಿರುತ್ತಿದ್ದರು, ಸಂತೆಯಲ್ಲಿ ಸಿಗುತ್ತಿದ್ದರು. 2021ರಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇದರಿಂದ ನಿಮಗೆ ಏನು ನಷ್ಟ ಅಂತ ಕೇಳಬಹುದು. 2005ರ ವಿಪತ್ತು ನಿರ್ವಹಣಾ ಕಾಯ್ದೆ ನೋಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಬರೆ ಕುಸಿತದ ಮಾತು ಬರುವ ಮೇಜಿನಲ್ಲಿ ಜನ ಆರಿಸಿದವರಿಗೆ ಅಂತಲೇ ಕಾನೂನು ಇಟ್ಟ ಕುರ್ಚಿ ಅದು. ಚುನಾವಣೆ ಇಲ್ಲದ ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಕೂರಲು ಯಾರೂ ಇರಲಿಲ್ಲ. ನನಗೆ ಇದು ತುಂಬ ನೋವಿನ ವಿಷಯ. ಕೊಡಗಿನಂಥ ಜಿಲ್ಲೆಯಲ್ಲಿ ಇದನ್ನು ಸಣ್ಣ ವಿಷಯ ಅಂತ ಬಿಡುವ ಹಾಗಿಲ್ಲ.

ಇನ್ನು ಅಧಿಕಾರಿಗಳ ಕಡೆಯಿಂದ ಹೋಗುವ ಮಾಹಿತಿ. ಕೆಡಿಪಿ ಸಭೆಯಲ್ಲಿ, ಅಂದರೆ ಸರಕಾರಿ ಕೆಲಸಗಳ ಪ್ರಗತಿ ಪರಿಶೀಲನೆಯ ಸಭೆಯಲ್ಲಿ, ಒಂದೊಂದೇ ಇಲಾಖೆಯವರು ಎದ್ದು ಓದುತ್ತಾರೆ: ಗುರಿ ಇಷ್ಟು, ಸಾಧನೆ ಇಷ್ಟು, ಖರ್ಚು ಇಷ್ಟು. ಒಂದು ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಒಂದು ಊರಿನಲ್ಲಿ ಎಲ್ಲ ಮನೆಗೂ ನಲ್ಲಿ ಹಾಕಿದ್ದೇವೆ ಎಂದು ಓದಿದರು. ಹಿಂದಿನ ವಾರ ನಾನು ಅದೇ ಊರಿಗೆ ಹೋಗಿದ್ದೆ. ನಲ್ಲಿ ಇತ್ತು, ನಿಜ. ಒಬ್ಬ ಅಜ್ಜಿ ಆ ನಲ್ಲಿಗೆ ಕರುವನ್ನು ಕಟ್ಟಿದ್ದರು. ನೀರು ಬಾರದೆ ಎಷ್ಟೋ ತಿಂಗಳಾಗಿತ್ತು. 2019ರಲ್ಲಿ ಶುರುವಾದ ಜಲಜೀವನ ಯೋಜನೆಯ ನಿಯಮದಲ್ಲೇ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು ಎಂದಿದೆ. ಆದರೆ ಲೀಟರ್ ಅಳೆಯುವುದು ಕಷ್ಟ, ನಲ್ಲಿ ಎಣಿಸುವುದು ಸುಲಭ. ಸಭೆಗೆ ಬರುವುದು ಸುಲಭದ ಲೆಕ್ಕ. ಅಧ್ಯಕ್ಷತೆ ವಹಿಸಿದವರು ಸಮಾಧಾನದಿಂದ ಮುಂದಿನ ಇಲಾಖೆಗೆ ಹೋದರು. ನಾನು ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಆ ಕರು ಈಗಲೂ ಕಣ್ಣ ಮುಂದೆ ಬರುತ್ತದೆ.

ಕೆಳಗಿನವರು ಹೆದರಿ ಮೇಲಿನವರಿಗೆ ಸಿಹಿ ಸುದ್ದಿಯನ್ನೇ ಕಳಿಸಿದರೆ ಎಷ್ಟು ಅನಾಹುತ ಆಗುತ್ತದೆ ಎಂಬುದಕ್ಕೆ ಚೀನಾ ಸಾಕ್ಷಿ. 1958ರಿಂದ 1961ರ ನಡುವೆ ಅಲ್ಲಿ ಕೋಟ್ಯಂತರ ಜನ ಹಸಿವಿನಿಂದ ಸತ್ತರು. ಸ್ಥಳೀಯ ಮುಖಂಡರು ಬೆಳೆಯ ಲೆಕ್ಕವನ್ನು ಉಬ್ಬಿಸಿ ಕಳಿಸುತ್ತಿದ್ದರು. ತನ್ನ ಬಳಿ ಇರುವುದಕ್ಕಿಂತ ಹತ್ತು ಕೋಟಿ ಟನ್ ಜಾಸ್ತಿ ಧಾನ್ಯ ಇದೆ ಎಂದು ಸರಕಾರ ನಂಬಿತ್ತು ಎಂದು ಅಮರ್ತ್ಯ ಸೇನ್ ಬರೆದಿದ್ದಾರೆ. ಪ್ರಶ್ನೆ ಕೇಳಲು ಅಲ್ಲಿ ವಿರೋಧ ಪಕ್ಷ ಇರಲಿಲ್ಲ, ಸ್ವತಂತ್ರ ಪತ್ರಿಕೆ ಇರಲಿಲ್ಲ.

ಈಗ ನಿಮ್ಮ ಬರೆಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮರುವರ್ಷ ತೋರ ಗ್ರಾಮ. 2020ರಲ್ಲಿ ತಲಕಾವೇರಿ. ಗುಡ್ಡದ ಬುಡ ಕಡಿದು, ನೀರು ಹೋಗುವ ದಾರಿ ಮುಚ್ಚಿ ಕಟ್ಟಿದ್ದು ಒಂದು ದೊಡ್ಡ ಕಾರಣ ಎಂದು 2018ರ ನಂತರ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಹೇಳಿದರು. ಮಳೆ ಲೆಕ್ಕಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಅದಕ್ಕೂ ಹಳೆಯದು ತೋಟದ ಮನೆಗಳ ಮಳೆ ಪುಸ್ತಕ. ಒಂದು ಮನೆಯ ಜಗಲಿಯಲ್ಲಿ ಅಂಥ ಪುಸ್ತಕ ನೋಡಿದ್ದೆ. ಕಾಫಿ ಕಲೆ ಬಿದ್ದ ಪುಟ. ದಿನಕ್ಕೊಂದು ಸಾಲು. ‘3 ಇಂಚು 40 ಸೆಂಟ್’. ಅಜ್ಜನ ಕೈಬರಹ ಮುಗಿದು ಅಪ್ಪನದು, ಅದು ಮುಗಿದು ಮಗನದು. ಎಷ್ಟು ಬೆಲೆಬಾಳುವ ಮಾಹಿತಿ ಅಲ್ವಾ? ಆದರೆ ಅದು ಕಚೇರಿಯ ಭಾಷೆಯಲ್ಲಿ ಇಲ್ಲ. ಕಚೇರಿಗೆ ಮಿಲಿಮೀಟರ್ ಬೇಕು. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು, ಹಾಗಾಗಿ 3 ಇಂಚು 40 ಸೆಂಟ್ ಅಂದರೆ 86 ಮಿ.ಮೀ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ ‘ಭಾರೀ ಮಳೆ’.

ಆದರೆ ಮಳೆ ಎಷ್ಟು ಬಿತ್ತು ಎಂಬುದು ಅರ್ಧ ಸುದ್ದಿ ಮಾತ್ರ. ಇನ್ನರ್ಧ ಮಳೆಮಾಪಕಕ್ಕೆ ಸಿಗುವುದಿಲ್ಲ. ನೆಲದಲ್ಲಿ ಹೊಸ ಬಿರುಕು. ನಿನ್ನೆವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ಬರೆಯ ಬುಡದಲ್ಲಿ ಒರತೆ ಏಳುವುದು, ತಿಳಿಯಾಗಿದ್ದ ನೀರು ಕೆಂಪಾಗುವುದು. ಸಿಲ್ವರ್ ಓಕ್ ಮರ ವಾಲುವುದು. ಇದೆಲ್ಲ ನಿಮ್ಮ ಅಮ್ಮನಿಗೆ ಗೊತ್ತಿರುತ್ತದೆ. ಜಿಲ್ಲಾಧಿಕಾರಿಗೆ, ಶಾಸಕರಿಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಪಕ್ಕದ ವಯನಾಡಿನಲ್ಲಿ 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಕೊಚ್ಚಿಹೋದವು. ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಊರವರ ಮಳೆಮಾಪಕಗಳ ಲೆಕ್ಕ ನೋಡಿ ಹಿಂದಿನ ದಿನವೇ ಆಡಳಿತಕ್ಕೆ ಎಚ್ಚರಿಕೆ ಕೊಟ್ಟಿತ್ತು ಎಂದು ಆಗ ವರದಿಯಾಯಿತು. ದುರಂತ ಆದ ಮರುದಿನ ಕೇಂದ್ರ, ‘ನಾವು ಮೊದಲೇ ಎಚ್ಚರಿಸಿದ್ದೆವು’ ಎಂದಿತು. ಕೇರಳ ಸರಕಾರ, ‘ನಮಗೆ ಮೊದಲು ಬಂದದ್ದು ಆರೆಂಜ್ ಅಲರ್ಟ್ ಮಾತ್ರ, ರೆಡ್ ಅಲ್ಲ’ ಎಂದಿತು. ಇಡೀ ಜಿಲ್ಲೆಗೆ ಕೊಟ್ಟ ಒಂದು ಬಣ್ಣ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ. ಯಾವ ಬರೆ, ಎಷ್ಟು ಮನೆ, ಎಲ್ಲಿಗೆ ಹೋಗಬೇಕು ಎಂದು ಬರೆದಿದ್ದರೆ ಮಾತ್ರ ಅದರಿಂದ ಕೆಲಸ ಆಗುತ್ತದೆ.

ನಿಮ್ಮ ಎರಡನೇ ಪ್ರಶ್ನೆ: ಗೊತ್ತಾದರೆ ಒಳ್ಳೆಯದಾಗುತ್ತದಾ?

ಕೆಲವು ಸಲ ಸುಲಭವಾಗಿಯೇ ಆಗುತ್ತದೆ. ಬ್ರೆಜಿಲ್‌ನಲ್ಲಿ ಒಂದು ಪ್ರಯೋಗ ನಡೆಯಿತು, 2021ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ತೆರಿಗೆ ಕಟ್ಟುವಂತೆ ಜನರಿಗೆ ಒಂದು ನೆನಪಿನ ಪತ್ರ ಕಳಿಸಿದರೆ ವಸೂಲಿ ಜಾಸ್ತಿ ಆಗುತ್ತದೆ ಎಂದು ಸಂಶೋಧನೆಗಳು ತೋರಿಸಿದ್ದವು. ಅದನ್ನು ಕೆಲವು ಮೇಯರ್‌ಗಳಿಗೆ ಒಂದು ಚಿಕ್ಕ ಸಭೆಯಲ್ಲಿ ತಿಳಿಸಿದರು, ಉಳಿದವರಿಗೆ ತಿಳಿಸಲಿಲ್ಲ. ಒಂದೆರಡು ವರ್ಷ ಬಿಟ್ಟು ನೋಡಿದರೆ, ತಿಳಿಸಿದ ಊರುಗಳಲ್ಲಿ ಅಂಥ ಪತ್ರ ಕಳಿಸುವ ಪ್ರಮಾಣ ಶೇಕಡಾ 10 ಅಂಶಗಳಷ್ಟು ಜಾಸ್ತಿ ಇತ್ತು. ಕೆಲಸ ಅಗ್ಗದ್ದು, ಯಾರಿಗೂ ನೋವಾಗದ್ದು, ಮೇಯರ್ ಕೈಯಲ್ಲೇ ಇರುವಂಥದ್ದು. ಅಂಥ ಕಡೆ ತಿಳಿಸಿದರೆ ಸಾಕು.

ನಿಮ್ಮದು ಹಾಗಲ್ಲ. ದುಡ್ಡು ಬೇಕು, ಜಾಗ ಬೇಕು, ಎರಡು ಮೂರು ಇಲಾಖೆ ಒಪ್ಪಬೇಕು. ಇಂಥ ಕಡೆ ಒಬ್ಬರ ಕಿವಿಯಲ್ಲಿ ಹೇಳಿದ ಮಾತು ಅಲ್ಲೇ ಉಳಿದುಬಿಡುತ್ತದೆ. ಅವರಿಗೆ ಗೊತ್ತಿರುವುದು ಬೇರೆ. ಅವರಿಗೆ ಗೊತ್ತಿದೆ ಎಂದು ಊರಿಗೆಲ್ಲ ಗೊತ್ತಿರುವುದು ಬೇರೆ. ಕೆಲಸ ಆಗುವುದು ಎರಡನೆಯದರಿಂದ.

ಇದನ್ನು ನಮ್ಮ ದೇಶದ ಲೆಕ್ಕದಲ್ಲೇ ತೋರಿಸಿದವರು ಟಿಮ್ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ಎಂಬ ಅರ್ಥಶಾಸ್ತ್ರಜ್ಞರು. 1958ರಿಂದ 1992ರವರೆಗೆ ಭಾರತದ 16 ರಾಜ್ಯಗಳನ್ನು ನೋಡಿ 2002ರಲ್ಲಿ ಬರೆದರು. ಬೆಳೆ ಹೋದಾಗ, ನೆರೆ ಬಂದಾಗ ಯಾವ ಸರಕಾರ ಹೆಚ್ಚು ಪಡಿತರ ಮತ್ತು ಪರಿಹಾರ ಕೊಟ್ಟಿತು? ಪತ್ರಿಕೆ ಓದುವವರು ಜಾಸ್ತಿ ಇದ್ದ ರಾಜ್ಯದ್ದು. ಅದರಲ್ಲೂ ಸ್ಥಳೀಯ ಭಾಷೆಯ ಪತ್ರಿಕೆಗಳದ್ದೇ ಹೆಚ್ಚು ಪ್ರಭಾವ. ಕನ್ನಡ ಪತ್ರಿಕೆಯ ಒಳಪುಟದ ಒಂದು ಕಾಲಂ ಸುದ್ದಿಗೆ ಅಷ್ಟು ಬೆಲೆ ಇದೆ. ಮಡಿಕೇರಿಯಿಂದ 1957ರಲ್ಲಿ ಶುರುವಾದ ‘ಶಕ್ತಿ’ಯಂಥ ಊರ ಪತ್ರಿಕೆ ನಮಗೆ ಇರುವುದು ಪುಣ್ಯ ಅಂತಲೇ ನಾನು ಹೇಳುತ್ತೇನೆ.

ಹಾಗಂತ ಎಲ್ಲರಿಗೂ ಗೊತ್ತಾದರೆ ಎಲ್ಲ ಸರಿ ಹೋಗುತ್ತದೆ ಎಂದು ನಿಮಗೆ ಸುಮ್ನೆ ಆಸೆ ಹುಟ್ಟಿಸಲಾರೆ. ಮಡಿಕೇರಿ ಪಟ್ಟಣದ ಇಂದಿರಾನಗರ, ಚಾಮುಂಡೇಶ್ವರಿ ನಗರ ನೋಡಿ. ಅಲ್ಲಿ ಅಪಾಯ ಇದೆ ಎಂದು 2018ರಿಂದ ಎಲ್ಲರಿಗೂ ಗೊತ್ತು. ಮಳೆಗಾಲ ಬಂದರೆ ಮನೆ ಬಿಡಿ ಎಂದು ನೋಟಿಸ್ ಬರುತ್ತದೆ. ಬಿಟ್ಟು ಎಲ್ಲಿಗೆ ಹೋಗಬೇಕು? ಎಲ್ಲಿಗೆ ಎಂದು ಹೇಳದ ನೋಟಿಸು ನೋಟಿಸು ಕೊಟ್ಟವರನ್ನು ಕಾಪಾಡುತ್ತದೆ, ಮನೆಯವರನ್ನು ಕಾಪಾಡುವುದಿಲ್ಲ. ಅದೇ ಜಂಬೂರು, ಮದೆನಾಡಿನಲ್ಲಿ ಸಂತ್ರಸ್ತರಿಗೆ ಹೊಸ ಮನೆ ಸಿಕ್ಕಿತು. ಅಲ್ಲಿ ಮಾಹಿತಿಯ ಜೊತೆ ಜಾಗವೂ ದುಡ್ಡೂ ಇತ್ತು.

ಇನ್ನೊಂದು ಮಾತು. ನೀವು ಅದನ್ನು ಬರೆದಿಲ್ಲ, ಆದರೆ ನಿಮ್ಮ ಹಿರಿಯರ ಮನಸ್ಸಿನಲ್ಲಿ ಇರುತ್ತದೆ. ನಮ್ಮ ಹೆಸರು ಕಾಗದದಲ್ಲಿ ಹೋದರೆ ಒಕ್ಕಲೆಬ್ಬಿಸಿಬಿಟ್ಟರೆ? ಆ ಹೆದರಿಕೆ ಸುಳ್ಳಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದನ್ನು ಕೊಡಗು ಮರೆತಿಲ್ಲ. ಬಡವರು ಎಷ್ಟೋ ಸಲ ಬೇಕೆಂದೇ ಸರಕಾರದ ಕಣ್ಣಿಗೆ ಬೀಳದೆ ಇರುತ್ತಾರೆ. ಆಗ ಕಷ್ಟ ಬಂದರೂ ಕಾಣುವುದಿಲ್ಲ. ಆದ್ದರಿಂದ ಮೊದಲು ಇಪ್ಪತ್ತೆರಡು ಮನೆಯವರೂ ಕೂತು ಮಾತಾಡಿ. ಜಾಗ ಕಂದಾಯದ್ದೋ ಅರಣ್ಯದ್ದೋ ಎಂದು ಗ್ರಾಮ ಆಡಳಿತಾಧಿಕಾರಿಯಿಂದ ತಿಳಿದುಕೊಳ್ಳಿ. ಭೂ ಕಂದಾಯ ಕಾಯ್ದೆಯ 94ಸಿ ಸೆಕ್ಷನ್ ಅಡಿಯಲ್ಲಿ ಮನೆ ಸಕ್ರಮಕ್ಕೆ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿ ಹುಡುಕಿ ಇಡಿ. ಎಲ್ಲರೂ ಒಪ್ಪಿದರೆ ಮುಂದಿನ ಹೆಜ್ಜೆ.

ಅಂಗಡಿಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮನೆಗೊಂದು ಪುಟ. ಎಷ್ಟು ಜನ, ಮಕ್ಕಳೆಷ್ಟು, ನಡೆಯಲಾರದವರು ಯಾರು, ಬರೆಯಿಂದ ಗೋಡೆಗೆ ಎಷ್ಟು ಅಡಿ. ಬಿರುಕಿನ ಎರಡೂ ತುದಿಗೆ ಬಣ್ಣದ ಗುರುತು ಹಾಕಿ, ತಾರೀಕು ಬರೆದು, ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಪಕ್ಕದ ತೋಟದವರ ಮಳೆ ಲೆಕ್ಕ ಕೇಳಿ, ಮಿಲಿಮೀಟರ್ ಮಾಡಿ ಬರೆಯಿರಿ. ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ‘ತುಂಬಾ ಅಪಾಯ ಇದೆ ಸಾರ್’ ಎಂಬ ಅರ್ಜಿಗಳು ಮೇಜಿನ ಮೇಲೆ ನೂರು ಇರುತ್ತವೆ. ‘ಮೇ 5ಕ್ಕೆ ಅರ್ಧ ಇಂಚು ಇದ್ದ ಬಿರುಕು ಮೇ 19ಕ್ಕೆ ಒಂದೂಕಾಲು ಇಂಚು, 22 ಮನೆ, 9 ಚಿಕ್ಕ ಮಕ್ಕಳು’ ಎಂಬ ಅರ್ಜಿಯನ್ನು ಪಕ್ಕಕ್ಕೆ ಇಡುವುದು ಕಷ್ಟ.

ವಾರ್ಡ್ ಸಭೆ, ಗ್ರಾಮಸಭೆಯ ಬಗ್ಗೆ ಒಂದು ಸಣ್ಣ ಮಾತು. ಅವು ಸಾಮಾನ್ಯವಾಗಿ ಕೆಲಸದ ದಿನ ಬೆಳಿಗ್ಗೆ ನಡೆಯುತ್ತವೆ, ತೋಟದವರು ಯಾರೂ ಬರಲು ಆಗುವುದಿಲ್ಲ. ಕೆಲಸಕ್ಕೆ ರಜೆ ಇರುವ ದಿನ ಇಡಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆದು ಕೊಡಿ. ಎರವ ಆದಿವಾಸಿಗಳ ಭಾಷೆ ಮಾತಾಡುವ ಹಿರಿಯರಿದ್ದರೆ ಅವರ ಮಾತಲ್ಲೇ ಹೇಳಲಿ, ನೀವು ಕನ್ನಡದಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ. ನಡಾವಳಿಗೆ ಬಾರದ ಮಾತು ಮೇಲಕ್ಕೆ ಹೋಗುವುದಿಲ್ಲ.

ತಾಲ್ಲೂಕಿನ ಈ ವರ್ಷದ ಭೂಕುಸಿತದ ಅಪಾಯದ ಜಾಗಗಳ ಪಟ್ಟಿಯಲ್ಲಿ ನಿಮ್ಮ ಕಾಲೊನಿ ಇದೆಯೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಉತ್ತರಕ್ಕೆ 30 ದಿನ. ಆದರೆ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಯಲ್ಲಿ ಕೊಡಬೇಕು ಎಂದು 7ನೇ ಸೆಕ್ಷನ್ ಹೇಳುತ್ತದೆ. ಅದನ್ನು ಅರ್ಜಿಯಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ.

ಶಾಸಕರ ಹತ್ತಿರ ಹೋಗುವಾಗ ದೂರು ಹೇಳಲು ಹೋಗಬೇಡಿ. ‘ಸಾರ್, ನಿಮಗೆ ಯಾರೂ ಹೇಳಿಲ್ಲ ಎಂದಿರಿ, ಅದಕ್ಕೆ ತಂದಿದ್ದೇವೆ’ ಎಂದು ಎರಡು ಪುಟ ಕೊಡಿ. ಮುಂದಿನ ಅಧಿವೇಶನದಲ್ಲಿ ಇದರ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಎಂದು ವಿನಂತಿ ಮಾಡಿ. ಶಾಸಕರ ಕೈಯಲ್ಲಿರುವ ಒಳ್ಳೆಯ ಆಯುಧ ಅದು. ಸಚಿವರು ಸದನದಲ್ಲಿ ಉತ್ತರ ಕೊಡಬೇಕು, ಅದು ದಾಖಲೆಯಲ್ಲಿ ಉಳಿಯುತ್ತದೆ. ಒಳ್ಳೆಯ ಪ್ರಶ್ನೆ ಕೇಳಲು ಒಳ್ಳೆಯ ಲೆಕ್ಕ ಬೇಕು. ಆ ಲೆಕ್ಕ ಸಿಕ್ಕರೆ ಸಂತೋಷಪಡುವ ಶಾಸಕರನ್ನು ನಾನು ನೋಡಿದ್ದೇನೆ. ಅದೇ ಎರಡು ಪುಟದ ಪ್ರತಿ ಪತ್ರಿಕೆಯ ಸ್ಥಳೀಯ ವರದಿಗಾರರಿಗೂ ಹೋಗಲಿ.

ಮೇ ತಿಂಗಳು ಮುಗಿಯುವ ಮೊದಲು ಇಷ್ಟನ್ನು ಮಾಡಿ. ಜೂನ್‌ನಲ್ಲಿ ಎಲ್ಲರೂ ಓಡಾಟದಲ್ಲಿ ಇರುತ್ತಾರೆ. ಮಳೆ ಜೋರಾದ ದಿನ ಒರತೆ ಕೆಂಪಾದರೆ, ಬಿರುಕು ಬೆಳೆದರೆ, ಯಾವ ಉತ್ತರಕ್ಕೂ ಕಾಯಬೇಡಿ, ಮಕ್ಕಳು ಮುದುಕರನ್ನು ಕರೆದುಕೊಂಡು ಶಾಲೆಗೋ ಸಮುದಾಯ ಭವನಕ್ಕೋ ಹೊರಟುಬಿಡಿ. ಮತ್ತೆ ಕಾಗದ ಕೊಟ್ಟ ಪ್ರತಿ ಕಚೇರಿಯಲ್ಲೂ ನಿಮ್ಮ ಪ್ರತಿಯ ಮೇಲೆ ಸೀಲ್, ಸಹಿ, ತಾರೀಕು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.